ನಮ್ಮೂರ ಬೋರ್‌ವೆಲ್‌ಗಳ ಫ್ಲೋರೈಡ್ ಲೆಕ್ಕ: ಮೊದಲ ಸುತ್ತು ಮುಗಿಯಿತು

ಇಳಕಲ್ ಹತ್ತಿರದ ನಮ್ಮೂರಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಅಳೆಯುವ ಕೆಲಸದ ಬೇಸಿಗೆ ಸುತ್ತು ಮುಗಿದಿದೆ. ದುಡ್ಡಿನ ವಿಷಯವನ್ನೇ ಮೊದಲು ಬರೆಯುತ್ತೇನೆ. ಪಕ್ಕದ ಊರಿನವರು ಕೇಳುವುದೂ ಅದನ್ನೇ.

ನಾವು ಪಟ್ಟಿ ಎತ್ತಿದೆವು, ಗಣಪತಿಗೆ ಎತ್ತುತ್ತೇವಲ್ಲ, ಹಾಗೆಯೇ. ಮಗ್ಗದ ಮನೆಯವರು, ಕಿರಾಣಿ ಅಂಗಡಿಯವರು, ಬೆಂಗಳೂರಲ್ಲಿ ದುಡಿಯುವ ಹುಡುಗರು ಕೈಲಾದಷ್ಟು ಕೊಟ್ಟರು. ಹಣ ಮಹಿಳಾ ಸಂಘದ ಖಾತೆಯಲ್ಲಿದೆ. ಖರ್ಚಿನ ಚೀಟಿ ಹಾಲಿನ ಡೇರಿ ಗೋಡೆಗೆ ಅಂಟಿಸುತ್ತೇವೆ. ದುಬೈಯಲ್ಲಿರುವ ಊರವರೊಬ್ಬರು ತಮ್ಮ ಕಂಪನಿಯಿಂದಲೂ ಕೊಡಿಸುತ್ತೇನೆ ಅಂದರು. ವಿದೇಶಿ ದೇಣಿಗೆ ತೆಗೆದುಕೊಳ್ಳಲು 2010ರ ಕಾಯ್ದೆಯಂತೆ ಅನುಮತಿ ಬೇಕು. ಅದಕ್ಕೇ ಬೇಡ ಅಂದೆವು.

ಜಾಸ್ತಿ ಮಾತು ನಡೆದದ್ದು ಗೌರವಧನದ ಮೇಲೆ. ಕಾಲೇಜಿನ ರಸಾಯನಶಾಸ್ತ್ರದ ಸರ್ ಮತ್ತು ನಮ್ಮೂರದೇ ಎಂಎಸ್ಸಿ ಹುಡುಗಿ ಈ ಕೆಲಸ ಮಾಡುತ್ತಿದ್ದಾರೆ. "ನಮ್ಮೂರ ಹುಡುಗೀನ ಐತಿ, ಆಕೀಗೆ ರೊಕ್ಕ ಯಾಕ್ರಿ?" ಅಂತ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು. ಸರ್ ತಮಗೆ ಏನೂ ಬೇಡ ಅಂದರು, ಆದರೆ ಅವಳ ಪಾಲು ಬಿಡಲಿಲ್ಲ. ನನಗೂ ಅದೇ ಸರಿ ಅನಿಸಿತು. ಬಾಟಲಿಗೆ ಕೊಡುತ್ತೇವೆ, ಬಸ್ಸಿಗೆ ಕೊಡುತ್ತೇವೆ, ಅಳೆಯುವ ಕೈಗೆ ಯಾಕೆ ಕೊಡಬಾರದು? ಕೊನೆಗೆ ಎಲ್ಲರೂ ಒಪ್ಪಿದರು.

ಏನನ್ನು ಅಳೆಯಬೇಕು ಅನ್ನುವುದೂ ಆ ಸಭೆಯಲ್ಲೇ ತೀರ್ಮಾನವಾಯಿತು. ಸರ್ ಪಟ್ಟಿಯಲ್ಲಿ ಗಡಸುತನ, ನೈಟ್ರೇಟ್, ಲವಣ ಎಲ್ಲ ಇತ್ತು. ಸಂಘದ ಅಕ್ಕಂದಿರು ಕೇಳಿದ್ದು ಒಂದೇ: ಮಕ್ಕಳ ಹಲ್ಲು ಹಳದಿಯಾಗುತ್ತಿವೆ, ಯಾವ ನೀರು ಕುಡಿಸಬೇಕು? ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾದರೆ ಮಕ್ಕಳ ಹಲ್ಲಿನ ಬಣ್ಣ ಕೆಡುತ್ತದೆ. ಅದಕ್ಕೇ ಇದ್ದ ಹಣವನ್ನೆಲ್ಲ ಫ್ಲೋರೈಡ್ ಅಳೆಯುವುದಕ್ಕೇ ಇಟ್ಟೆವು.

ನಮ್ಮ ಕಡೆಯ ಗ್ರಾನೈಟ್ ಕಲ್ಲಿನಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಆಳದಲ್ಲಿ ನೀರು ಬಹಳ ಕಾಲ ಕಲ್ಲಿಗೆ ತಾಗಿಕೊಂಡೇ ಇರುತ್ತದೆ, ಫ್ಲೋರೈಡ್ ನಿಧಾನಕ್ಕೆ ಕರಗುತ್ತದೆ. ಜಲ ಜೀವನ ಮಿಷನ್‌ನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸುವ ತರಬೇತಿ ಕೊಡುತ್ತಾರೆ. ಹಾಗೆ ಕಲಿತವರೇ ಮೊದಲು ಕಿಟ್‌ನ ಬಣ್ಣ ನೋಡಿ ಅನುಮಾನದ ಬೋರ್‌ವೆಲ್‌ಗಳನ್ನು ಗುರುತಿಸಿದರು. ಅವುಗಳ ನೀರು ಪ್ಲಾಸ್ಟಿಕ್ ಬಾಟಲಿಯಲ್ಲಿ ಲ್ಯಾಬಿಗೆ ಹೋಯಿತು. ಗಾಜಿನದು ಬೇಡ, ಫ್ಲೋರೈಡ್ ಗಾಜಿನ ಜೊತೆ ಪ್ರತಿಕ್ರಿಯಿಸಬಹುದು. ಅಲ್ಲಿ ನೀರಿಗೆ ಅದ್ದಿ ಫ್ಲೋರೈಡ್ ಅಳೆಯುವ, ಲ್ಯಾಂಥನಮ್ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್‌ನಿಂದ ಅಳೆದರು. ಅಳೆಯುವ ಮೊದಲು ಒಂದು ಬಫರ್ ದ್ರಾವಣ ಬೆರೆಸುತ್ತಾರೆ. ಇಲ್ಲದಿದ್ದರೆ ನೀರಿನಲ್ಲಿರುವ ಅಲ್ಯೂಮಿನಿಯಂಗೆ ಅಂಟಿದ ಫ್ಲೋರೈಡ್ ಲೆಕ್ಕಕ್ಕೇ ಬರುವುದಿಲ್ಲ.

ಭಾರತೀಯ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ. ಶಾಲೆ ಹತ್ತಿರದ ಬೋರ್‌ವೆಲ್ ಆ 1.5 ಅನ್ನೂ ದಾಟಿದೆ. ಹಳೆಯ ತೆರೆದ ಬಾವಿಯ ನೀರಿನಲ್ಲಿ 1ಕ್ಕಿಂತ ಕಡಿಮೆ ಇದೆ. ಆದರೆ ಅದನ್ನು ಕುಡಿಯಿರಿ ಅಂತ ಈಗಲೇ ಹೇಳುವಂತಿಲ್ಲ, ಬ್ಯಾಕ್ಟೀರಿಯಾ ಪರೀಕ್ಷೆ ಇನ್ನೂ ಆಗಿಲ್ಲ.

ಫಲಿತಾಂಶ ಓದಿದ ದಿನ ಒಬ್ಬ ಅಜ್ಜಿ ಕೇಳಿದರು: "ನೀರ ಕುದಿಸಿದ್ರ ಹೋಗತೈತೇನ್ರಿ?" ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿದ ನೀರಿನಲ್ಲೇ ಇದ್ದು ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ. ಈ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಡೇರಿ ಗೋಡೆಗೆ ಹಚ್ಚಿದ್ದೇವೆ.

ಶಾಲೆಗೆ ಬೇರೆ ನೀರಿನ ವ್ಯವಸ್ಥೆ ಮಾಡಿ ಅಂತ ಲ್ಯಾಬ್ ವರದಿ ಸಮೇತ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ದೀಪಾವಳಿ ಮುಗಿದ ಮೇಲೆ ಅದೇ ಬೋರ್‌ವೆಲ್‌ಗಳ ನೀರು ಮತ್ತೆ ಅಳೆಯುತ್ತೇವೆ, ಮಳೆಯಿಂದ ಎಷ್ಟು ವ್ಯತ್ಯಾಸವಾಗಿದೆ ಗೊತ್ತಾಗಬೇಕು. ಹುಡುಗಿಯ ಗೌರವಧನ ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಬಾವಿಯ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸುತ್ತೇವೆ.