'ಬರ್ಕೊಳ್ತೀರಾ ಆಂಟಿ?'

ಕಳೆದ ಮಂಗಳವಾರ ಕೌಟುಂಬಿಕ ನ್ಯಾಯಾಲಯದ ಆಪ್ತಸಮಾಲೋಚನಾ ಕೊಠಡಿಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಆಪ್ತಸಮಾಲೋಚಕಿಯಾದ ನನ್ನ ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತಾ, 'ನಾನು ಹೇಳಿದ್ದೆಲ್ಲ ಬರ್ಕೊಳ್ತೀರಾ ಆಂಟಿ? ಅಪ್ಪ ಓದ್ತಾರಾ?' ಎಂದು ಕೇಳಿದಳು. ನೀರಿನ ಬಾಟಲಿಯ ಮೇಲಿದ್ದ ಹೆಸರಿನ ಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದ ಅವಳ ಬೆರಳು ಉತ್ತರಕ್ಕಾಗಿ ನಿಂತಿತು.

ಹಲವು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ನಾನು ಬೇರೊಬ್ಬ ಹುಡುಗನಿಗೆ 'ಯಾರಿಗೂ ಹೇಳುವುದಿಲ್ಲ' ಎಂದು ಮಾತು ಕೊಟ್ಟಿದ್ದೆ. ನನ್ನ ವರದಿಯ ಪ್ರತಿ ಎರಡೂ ಕಡೆಯ ವಕೀಲರ ಕೈಸೇರಿ, ಮನೆಯಲ್ಲಿ ಅವನೆದುರಿಗೇ ಅದನ್ನು ಓದಿದ್ದರಂತೆ. ಮುಂದಿನ ಭೇಟಿಯಲ್ಲಿ ಅವನು ನನ್ನ ಪ್ರತಿ ಪ್ರಶ್ನೆಗೂ 'ಗೊತ್ತಿಲ್ಲ' ಎಂದಷ್ಟೇ ಹೇಳಿದ. ಆ ತಪ್ಪು ನನ್ನದು.

ಈ ಹುಡುಗಿಯ ತಂದೆ ಕೆಟ್ಟವರಲ್ಲ. ವಾರಕ್ಕೆ ಎರಡು ಗಂಟೆಯ ಭೇಟಿಗೆ ಅರ್ಧ ಗಂಟೆ ಮುಂಚೆಯೇ ಬಂದು ಕಾರಿಡಾರಿನಲ್ಲಿ ಕಾಯುವ ಮನುಷ್ಯ. 'ಮಗಳು ನನ್ನ ಬಗ್ಗೆ ಏನು ಹೇಳಿದಳು ಅಂತ ಗೊತ್ತಾಗದೆ ನಾನು ಉತ್ತರ ಹೇಗೆ ಕೊಡಲಿ ಮೇಡಂ?' ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇದೆ. ತನ್ನ ಮಗುವನ್ನೇ ಕಳೆದುಕೊಳ್ಳುವಂತೆ ಮಾಡಬಲ್ಲ ಮಾತನ್ನು ನೋಡುವ ಅವಕಾಶವನ್ನು ಯಾವ ತಂದೆಗೂ ತಾಯಿಗೂ ನಿರಾಕರಿಸಲಾಗದು.

ಕಾನೂನೂ ಇಲ್ಲಿ ಮಗುವಿಗೆ ಪೂರ್ತಿ ಆಸರೆಯಾಗುವುದಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಕರಣದ ಎರಡು ಕಡೆಯವರಲ್ಲಿ ಒಬ್ಬರು ಕೇಳಿದರೂ ವಿಚಾರಣೆಯನ್ನು ಬಾಗಿಲು ಮುಚ್ಚಿ ನಡೆಸಲೇಬೇಕು. ಆದರೆ ಆ ಬಾಗಿಲು ತಡೆಯುವುದು ಹೊರಗಿನವರನ್ನು, ಮಗು ಹೆದರುವವರು ಒಳಗೇ ಕುಳಿತಿರುತ್ತಾರೆ. ಅರಿವುಳ್ಳ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದೆಂದು 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯೇ ಹೇಳಿದೆ. ರಾಜಿಗಾಗಿ ನಡೆಯುವ ಮಧ್ಯಸ್ಥಿಕೆಯ ಮಾತುಗಳಿಗಿರುವ ಗೌಪ್ಯತೆ ಮಗುವಿನ ಸುಪರ್ದಿಯ ಪ್ರಕರಣದಲ್ಲಿ ಆಪ್ತಸಮಾಲೋಚಕರ ವರದಿಗೆ ಅಡ್ಡಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿತು. ನಾನು ಆ ತೀರ್ಪನ್ನು ಒಪ್ಪುತ್ತೇನೆ, ಏಕೆಂದರೆ ಮಗುವಿನ ಮನಸ್ಸು ತಿಳಿಯದೆ ಅದರ ಹಿತ ನಿರ್ಧರಿಸುವುದು ಹೇಗೆ? ಆದರೂ ಆ ಮನಸ್ಸನ್ನು ಹೇಳಿದ ಮೇಲೆ ಸಂಜೆ ಮನೆಗೆ ಹೋಗಬೇಕಾದದ್ದು ಮಗುವೇ.

ಹಾಗಾಗಿ ಪೆನ್ನಿಗೆ ಮುಚ್ಚಳ ಹಾಕಿ, 'ಬರ್ಕೊಳ್ತೀನಿ ಪುಟ್ಟಿ. ಜಡ್ಜ್ ಓದ್ತಾರೆ, ಅಪ್ಪ ಅಮ್ಮನೂ ಓದಬಹುದು. ಯಾವುದು ಬೇಡ ಅನ್ಸುತ್ತೋ ಹೇಳು, ಜಡ್ಜ್ ಹತ್ರ ಕೇಳ್ಕೊಳ್ತೀನಿ. ಆದ್ರೆ ಯಾರಾದ್ರೂ ನಿನ್ನನ್ನ ನೋಯಿಸಿದ್ರೆ ಅದನ್ನ ಮುಚ್ಚಿಡೋಕೆ ನನ್ನಿಂದ ಆಗಲ್ಲ' ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, 'ಹಾಗಾದ್ರೆ ಅರ್ಧ ಹೇಳ್ತೀನಿ' ಎಂದಳು.

ಆ 'ಅರ್ಧ' ಎಂಬ ಮಾತು ವಾರವಿಡೀ ನನ್ನ ಕಿವಿಯಲ್ಲಿದೆ. ಮೊದಲೇ ನಿಜ ಹೇಳಿದ್ದರಿಂದ ಅವಳ ನಂಬಿಕೆಯನ್ನು ಉಳಿಸಿಕೊಂಡೆನೇ, ಅಥವಾ ನ್ಯಾಯಾಲಯಕ್ಕೆ ಬೇಕಾಗಿದ್ದ ಉಳಿದರ್ಧವನ್ನು ನಾನೇ ಮುಚ್ಚಿಸಿಬಿಟ್ಟೆನೇ ಎಂದು ಕೇಳಿಕೊಳ್ಳುತ್ತಲೇ ಇದ್ದೇನೆ. ಅವಳು ಹೇಳಿದ್ದನ್ನು ಇಲ್ಲಿ ಬರೆಯಲಾರೆ.

ಗುರುವಾರ ವರದಿಯ ಕೊನೆಯಲ್ಲಿ 'ಮಗು ಕೆಲವು ಸಂಗತಿಗಳನ್ನು ಹೇಳಲು ಇಚ್ಛಿಸಲಿಲ್ಲ' ಎಂದು ಬರೆದೆ. ಈ ಸಾಲನ್ನೂ ಅವಳ ತಂದೆ ಓದುತ್ತಾರೆ, ಶನಿವಾರದ ಭೇಟಿಯಲ್ಲಿ 'ಏನನ್ನು ಹೇಳಲಿಲ್ಲ?' ಎಂದು ಕೇಳುತ್ತಾರೆ ಎಂದು ಹೊಳೆದದ್ದೇ ಅದನ್ನು ಅಳಿಸಿ, ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆಸಿ ಖುದ್ದಾಗಿ ಮಾತನಾಡಿಸಬೇಕೆಂಬ ಕೋರಿಕೆಯೊಂದನ್ನೇ ಉಳಿಸಿದೆ.