ಐದು ನಡೆಗಳ ಚಕ್ರ: ಆರನೆಯ ವಾರದ ಟಿಪ್ಪಣಿ

ಚೀನೀ ವೈದ್ಯಪದ್ಧತಿಯ ಐದು ತತ್ತ್ವಗಳನ್ನೂ ಅವಕ್ಕೆ ಹೊಂದಿಸಿರುವ ಭಾವಗಳನ್ನೂ ಕನ್ನಡದ ಹೆಸರುಗಳಲ್ಲಿ ಒಂದೇ ಹಾಳೆಯ ಮೇಲೆ ಬಿಡಿಸುವ ನನ್ನ ಹವ್ಯಾಸದ ಕೆಲಸದಲ್ಲಿ ಈ ವಾರ ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಮೊದಲು ಅಳಿಸಿದ್ದು ತಲೆಬರಹವನ್ನು. ‘ಚೀನೀ ಪಂಚಭೂತಗಳು’ ಎಂದು ಬರೆದಿದ್ದೆ. ಆದರೆ ಆ ಐದರಲ್ಲಿ ವಾಯುವೂ ಇಲ್ಲ, ಆಕಾಶವೂ ಇಲ್ಲ, ಬದಲಿಗೆ ಮರ ಮತ್ತು ಲೋಹ ಇವೆ. ಅದಕ್ಕೂ ಮಿಗಿಲಾಗಿ, ‘ವೂ ಶಿಂಗ್’ ಎಂಬ ಮೂಲ ಹೆಸರಿನಲ್ಲಿ ‘ವೂ’ ಎಂದರೆ ಐದು, ‘ಶಿಂಗ್’ ಎಂದರೆ ನಡೆಯುವುದು, ಸಾಗುವುದು, ವರ್ತಿಸುವುದು. ಕಾಲಿನ ನಡಿಗೆಗೂ ಮನುಷ್ಯನ ವರ್ತನೆಗೂ ಒಟ್ಟಿಗೆ ಸಲ್ಲುವ ‘ನಡೆ’ ನಮ್ಮಲ್ಲೇ ಇರುವಾಗ ನಾಲ್ಕು ವಾರ ನಿಘಂಟು ತಿರುವಿಹಾಕಿದ್ದು ನನ್ನ ಪೆದ್ದುತನ.

ಮರಕ್ಕೆ ಯಕೃತ್ತು ಮತ್ತು ಸಿಟ್ಟು, ಬೆಂಕಿಗೆ ಹೃದಯ ಮತ್ತು ಸಂತೋಷ, ಮಣ್ಣಿಗೆ ಗುಲ್ಮ ಮತ್ತು ಚಿಂತೆ, ಲೋಹಕ್ಕೆ ಶ್ವಾಸಕೋಶ ಮತ್ತು ದುಃಖ, ನೀರಿಗೆ ಮೂತ್ರಪಿಂಡ ಮತ್ತು ಭಯ: ಇಷ್ಟನ್ನು ತುಂಬಿಸಿ ಆಯಿತು. ಇಲ್ಲಿಯ ಗುಲ್ಮ ಶಾಲೆಯ ಪಾಠದ ಗುಲ್ಮವಲ್ಲ, ಜೀರ್ಣಕ್ರಿಯೆಯ ಒಡೆತನವನ್ನೇ ಅದಕ್ಕೆ ವಹಿಸಲಾಗಿದೆ. ಆದ್ದರಿಂದ ಈ ಹಾಳೆಯನ್ನು ನೋಡಿ ಯಾರೂ ತಮ್ಮ ರಕ್ತಪರೀಕ್ಷೆಯ ವರದಿಗೆ ಅರ್ಥ ಹಚ್ಚಬಾರದೆಂದು ಅಂಚಿನಲ್ಲಿ ಬರೆದಿದ್ದೇನೆ.

ಸಂತೋಷದ ಮನೆಯಲ್ಲಿ ಮತ್ತೆ ತಡೆದು ನಿಂತೆ. ‘ಹುವಾಂಗ್‌ದಿ ನೇಯ್‌ಜಿಂಗ್’ ಎಂಬ ಪ್ರಾಚೀನ ಗ್ರಂಥದ ‘ಸುವೆನ್’ ಭಾಗದ 39ನೆಯ ಅಧ್ಯಾಯವು, ಸಿಟ್ಟಿನಿಂದ ‘ಚೀ’ ಎಂಬ ಜೀವಶಕ್ತಿ ಮೇಲೇರುತ್ತದೆ, ಭಯದಿಂದ ಕೆಳಗಿಳಿಯುತ್ತದೆ, ದುಃಖದಿಂದ ಕರಗುತ್ತದೆ, ಚಿಂತೆಯಿಂದ ಗಂಟುಕಟ್ಟುತ್ತದೆ, ಸಂತೋಷದಿಂದ ಸಡಿಲವಾಗುತ್ತದೆ ಎನ್ನುತ್ತದೆ. ಸಂತೋಷಕ್ಕೂ ಸಡಿಲಕ್ಕೂ ಏನು ನಂಟು ಎಂದು ಯೋಚಿಸುತ್ತಿದ್ದಾಗ, ಒಗೆದೊಗೆದು ಅಗಲವಾದ ಬಟ್ಟೆಯನ್ನೂ ಖುಷಿಯಿಂದ ಉಬ್ಬಿದ ಮನುಷ್ಯನನ್ನೂ ನಾವು ‘ಹಿಗ್ಗಿದೆ’, ‘ಹಿಗ್ಗಿದ’ ಎಂದೇ ಹೇಳುವುದು ನೆನಪಾಯಿತು. ‘ಸಂತೋಷ’ವನ್ನು ಅಳಿಸಿ ‘ಹಿಗ್ಗು’ ಎಂದು ಬರೆದೆ.

ಬಾಣಗಳದ್ದು ಬೇರೆ ಕಥೆ. ಹೊರಸುತ್ತಿನ ಬಾಣಗಳು ಒಂದು ಇನ್ನೊಂದನ್ನು ಪೋಷಿಸುವುದನ್ನೂ, ಒಳಗಿನ ನಕ್ಷತ್ರದ ಬಾಣಗಳು ಒಂದು ಇನ್ನೊಂದನ್ನು ಹದ್ದಿನಲ್ಲಿಡುವುದನ್ನೂ ತೋರಿಸಬೇಕು. ಮಣ್ಣಿನಿಂದಲ್ಲವೇ ಮರ ಎಂಬ ರೂಢಿಯ ತಿಳಿವಳಿಕೆಯಲ್ಲಿ ನಾನು ಒಳಗಿನ ಒಂದು ಬಾಣವನ್ನು ಮಣ್ಣಿನಿಂದ ಮರದತ್ತ ಎಳೆದುಬಿಟ್ಟಿದ್ದೆ. ಈ ಚಕ್ರದಲ್ಲಿ ಮರವನ್ನು ಪೋಷಿಸುವುದು ನೀರು; ಮರವಾದರೋ ಬೇರಿಳಿಸಿ ಮಣ್ಣನ್ನು ಸೀಳುತ್ತದೆ, ಎಂದರೆ ಸಿಟ್ಟು ಚಿಂತೆಯನ್ನು ಗೆಲ್ಲುತ್ತದೆ. ತಪ್ಪು ಹೊಳೆದದ್ದು ಜಿನ್ ರಾಜವಂಶದ ಕಾಲದ ವೈದ್ಯ ಜಾಂಗ್ ಛೋಂಗ್‌ಜೆಂಗ್‌ನ ಒಂದು ಪ್ರಕರಣವನ್ನು ಓದುವಾಗ. ಅತಿಯಾದ ಚಿಂತೆಯಿಂದ ಎರಡು ವರ್ಷ ನಿದ್ದೆಗೆಟ್ಟಿದ್ದ ಹೆಂಗಸೊಬ್ಬಳನ್ನು ನೋಡಲು ಹೋದ ಆತ, ಅವಳ ಗಂಡನೊಡನೆ ಒಳಗೊಳಗೇ ಮಾತಾಡಿಕೊಂಡು, ಕೈತುಂಬ ಹಣ ಪಡೆದು, ಕೆಲವು ದಿನ ಅವರ ಮನೆಯಲ್ಲೇ ಮದ್ಯ ಕುಡಿಯುತ್ತ ಕುಳಿತು, ಒಂದು ಔಷಧವನ್ನೂ ಬರೆದುಕೊಡದೆ ಎದ್ದುಹೋದ. ಅವಳು ಸಿಟ್ಟಿನಿಂದ ಕುದಿದು ಬೆವತಳು. ಆ ರಾತ್ರಿಯೇ ಅವಳಿಗೆ ನಿದ್ದೆ ಹತ್ತಿತು. ಗಂಟುಕಟ್ಟಿದ್ದನ್ನು ಮೇಲೇರುವ ಸಿಟ್ಟು ಬಿಡಿಸಿತು ಎಂಬುದು ಇದರ ತರ್ಕ. ಇದು ಚಿಕಿತ್ಸೆಯೆಂದು ನನಗಿನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ, ಆದರೆ ಬಾಣ ಎತ್ತ ಮುಖಮಾಡಬೇಕೆಂಬುದು ಇನ್ನು ಮರೆಯುವುದಿಲ್ಲ.

ಉಳಿದಿರುವುದು ಋತುಗಳ ಸುತ್ತು. ‘ಸುವೆನ್’ನ ಇನ್ನೊಂದು ಅಧ್ಯಾಯ ಮಣ್ಣಿಗೆ ಸ್ವಂತ ಋತುವನ್ನೇ ಕೊಡದೆ ನಾಲ್ಕು ಋತುಗಳಲ್ಲಿ ಪ್ರತಿಯೊಂದರ ಕೊನೆಯ 18 ದಿನಗಳನ್ನು ಹಂಚುತ್ತದೆ. ಹಾಗಾದರೆ ಮಣ್ಣು ಸುತ್ತಿನಲ್ಲಿರದೆ ನಡುವೆ ಕೂರಬೇಕು, ಆಗ ನಕ್ಷತ್ರ ಕೆಡುತ್ತದೆ. ಸದ್ಯಕ್ಕೆ ಆ ಸುತ್ತನ್ನು ಪೆನ್ಸಿಲ್ಲಿನಲ್ಲೇ ಬಿಟ್ಟಿದ್ದೇನೆ.