ನೆದರ್ಲೆಂಡ್ಸ್‌ನಲ್ಲಿರುವ ಗೆಳೆಯರ ಮನೆಗೆ ಹೊರಟಿದ್ದೀರಾ?

ಆಮ್ಸ್ಟಲ್‌ವೇನ್‌ನಲ್ಲೋ ಐಂಡ್‌ಹೋವನ್‌ನಲ್ಲೋ ಗೆಳೆಯರಿದ್ದರೆ ಹೋಟೆಲ್ ಖರ್ಚು ಉಳಿಯಿತು. ಆದರೆ ವೀಸಾ ಕಾಗದಪತ್ರದಲ್ಲಿ ಒಂದು ಕೆಲಸ ಹೆಚ್ಚಾಗುತ್ತದೆ, ಅದನ್ನು ಮಾಡಬೇಕಾದವರು ನಿಮ್ಮ ಗೆಳೆಯರು. ಖಾಸಗಿ ವಸತಿ ಮತ್ತು ಖರ್ಚಿನ ಹೊಣೆಗೆಂದೇ ಡಚ್ ಸರ್ಕಾರದ ಒಂದು ಫಾರ್ಮ್ ಇದೆ. ಅದನ್ನು ತುಂಬಿ ತಮ್ಮ ಊರಿನ ನಗರಸಭೆಗೆ ಹೋಗಿ, ಅಧಿಕಾರಿಯ ಎದುರೇ ಸಹಿ ಹಾಕಿ ದೃಢೀಕರಿಸಿಕೊಳ್ಳಬೇಕು. ಮನೆಯಲ್ಲೇ ಸಹಿ ಹಾಕಿ ಕಳಿಸಿದ ಪ್ರತಿ ನಡೆಯುವುದಿಲ್ಲ. ಗೆಳೆಯರು ಜಾಗ ಮಾತ್ರ ಕೊಡುವುದಾದರೆ ಖರ್ಚಿನ ದುಡ್ಡನ್ನು ನೀವು ತೋರಿಸಬೇಕು, ತಲೆಗೆ ದಿನಕ್ಕೆ 55 ಯೂರೋ ಲೆಕ್ಕ. ಖರ್ಚೂ ಅವರದೇ ಎಂದು ಬರೆದರೆ ಅವರ ಸಂಬಳದ ಚೀಟಿಗಳು ಬೇಕು. ಎರಡನ್ನೂ ಅರ್ಧರ್ಧ ಬರೆದು ಗೊಂದಲ ಮಾಡಿಕೊಳ್ಳುವವರೇ ಜಾಸ್ತಿ. ನೆದರ್ಲೆಂಡ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗನ್ ವೀಸಾ ಶುಲ್ಕ 90 ಯೂರೋ, 6ರಿಂದ 11 ವಯಸ್ಸಿನ ಮಕ್ಕಳಿಗೆ 45. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಹಾಕಬಹುದು. ಕೊನೆಯ ಗಡುವು 15 ದಿನ ಮುಂಚೆ, ಆದರೆ ಅಲ್ಲಿವರೆಗೆ ಕಾಯುವುದು ಹುಚ್ಚುತನ.

ಗೆಳೆಯರಿಗೆ ಊರಿನಿಂದ ಏನು ಒಯ್ಯುವುದು? ಇಲ್ಲೇ ಜನ ಎಡವುವುದು. ಹಾಲು ಮತ್ತು ಮಾಂಸದ ಪದಾರ್ಥಗಳನ್ನು ಹೊರದೇಶದಿಂದ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಹಾಗಾಗಿ ಧಾರವಾಡ ಪೇಡ, ತುಪ್ಪದ ಡಬ್ಬಿ ಎರಡೂ ಮನೆಯಲ್ಲೇ ಇರಲಿ. ತಾಜಾ ಹಣ್ಣು, ಸೊಪ್ಪು, ಗಿಡಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಮಾವಿನಹಣ್ಣು, ಒದ್ದೆ ಪೇಪರಿನಲ್ಲಿ ಸುತ್ತಿದ ಕರಿಬೇವು ಇದೇ ಲೆಕ್ಕಕ್ಕೆ ಬರುತ್ತವೆ. ವಿಚಿತ್ರವೆಂದರೆ ತೆಂಗಿನಕಾಯಿ, ಬಾಳೆಹಣ್ಣು, ಅನಾನಸಿಗೆ ವಿನಾಯಿತಿ ಇದೆ. ಚಟ್ನಿಪುಡಿ, ಸಾರಿನಪುಡಿ, ಹಪ್ಪಳಕ್ಕೆ ಈ ತಕರಾರಿಲ್ಲ, ಎರಡೆರಡು ಕವರ್ ಹಾಕಿ ಬಿಗಿಯಾಗಿ ಕಟ್ಟಿ. ಅಲ್ಲಿ ಸಸ್ಯಾಹಾರಿಗಳಿಗೆ ಊಟದ ಚಿಂತೆ ಬೇಡ. 1873ರಿಂದ ಹಡಗಿನಲ್ಲಿ, ದಕ್ಷಿಣ ಅಮೆರಿಕದಲ್ಲಿ ಆಗ ಡಚ್ಚರ ವಸಾಹತಾಗಿದ್ದ ಸುರಿನಾಮಿಗೆ ಕೂಲಿಗೆ ಹೋದ ಭಾರತೀಯರ ಮೊಮ್ಮಕ್ಕಳು, ಮರಿಮಕ್ಕಳು ಹೇಗ್ ನಗರದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರ ಹೋಟೆಲುಗಳಲ್ಲಿ ರೊಟ್ಟಿ, ಆಲೂಗಡ್ಡೆ, ಉದ್ದ ಅಲಸಂದೆ ಪಲ್ಯ ಸಿಗುತ್ತದೆ.

ನಮ್ಮ ಶಾಲೆಗಳ ಬೇಸಿಗೆ ರಜೆಗೂ ಟ್ಯೂಲಿಪ್ ಹೂವಿಗೂ ಚೆನ್ನಾಗಿ ಹೊಂದುತ್ತದೆ, ತಡ ಮಾಡದಿದ್ದರೆ. ಲಿಸ್ಸ ಊರಿನ ಕ್ಯೂಕೆನ್‌ಹೋಫ್ ತೋಟ ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ ಮಾತ್ರ ತೆರೆದಿರುತ್ತದೆ. ಸಾಮಾನ್ಯವಾಗಿ ಏಪ್ರಿಲ್ ಎರಡನೇ, ಮೂರನೇ ವಾರ ಹೂವು ಭರ್ತಿ. ಆಮೇಲೆ ಹೋದರೆ ತೋಟದಲ್ಲಿ ಹೂವು ಇದ್ದರೂ ಹೊರಗಿನ ಹೊಲಗಳು ಬೋಳಾಗಿರಬಹುದು. ರೈತರು ಗಡ್ಡೆ ಬಲಿಯಲೆಂದು ಹೂವಿನ ತಲೆಯನ್ನು ಕತ್ತರಿಸಿಬಿಡುತ್ತಾರೆ, ಅವರು ಮಾರುವುದು ಗಡ್ಡೆಯನ್ನೇ ತಾನೆ. ಏಪ್ರಿಲ್ 27, ಅದು ಭಾನುವಾರವಾದರೆ 26, ರಾಜನ ಹಬ್ಬ. ಅಂದು ಆಮ್ಸ್ಟರ್‌ಡ್ಯಾಮ್ ನಡುಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂದು ಮ್ಯೂಸಿಯಂ ಇಟ್ಟುಕೊಳ್ಳಬೇಡಿ.

ಆಮ್ಸ್ಟರ್‌ಡ್ಯಾಮಿನಲ್ಲಿ ನಾಜಿಗಳಿಂದ ಅಡಗಿ ಡೈರಿ ಬರೆದ ಹುಡುಗಿ ಆ್ಯನ್ ಫ್ರಾಂಕ್ ಮನೆಯ ಟಿಕೆಟ್ ಆನ್‌ಲೈನಿನಲ್ಲಿ ಮಾತ್ರ. ಪ್ರತಿ ಮಂಗಳವಾರ ಅಲ್ಲಿನ ಬೆಳಿಗ್ಗೆ 10ಕ್ಕೆ, ಆರು ವಾರ ಮುಂದಿನ ದಿನಗಳಿಗೆ ಬಿಡುಗಡೆಯಾಗುತ್ತದೆ. ನಮ್ಮಲ್ಲಿ ಆಗ ಬೇಸಿಗೆಯಲ್ಲಿ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ವೀಸಾ ಕೈಗೆ ಬಂದ ಮೇಲೆ ನೋಡೋಣ ಎಂದರೆ ಈ ಟಿಕೆಟ್ ಕೈತಪ್ಪಿತೆಂದೇ ಲೆಕ್ಕ. ವ್ಯಾನ್ ಗೋ ಮ್ಯೂಸಿಯಮ್ಮಿಗೂ ಸಮಯ ನಿಗದಿ ಮಾಡಿಯೇ ಹೋಗಬೇಕು.

ಸ್ಕಿಪೋಲ್ ವಿಮಾನ ನಿಲ್ದಾಣದ ಅಡಿಯಲ್ಲೇ ರೈಲು ನಿಲ್ದಾಣ. ರೈಲು, ಬಸ್ಸು, ಟ್ರಾಮ್ ಎಲ್ಲಕ್ಕೂ ಟ್ಯಾಪ್ ಮಾಡುವ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಸಾಕು. ಭಾರತದಿಂದ ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ, ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿ. ಒಂದು ಕಾರ್ಡಿಗೆ ಒಬ್ಬರೇ. ಹತ್ತುವಾಗ ಒಂದು ಸಲ, ಇಳಿದ ಮೇಲೆ ಒಂದು ಸಲ ತಾಗಿಸಬೇಕು. ಹತ್ತುವಾಗ ಫೋನ್, ಇಳಿದ ಮೇಲೆ ಕಾರ್ಡ್ ತಾಗಿಸಿದರೆ ಯಂತ್ರ ಅದನ್ನು ಇಬ್ಬರೆಂದು ಲೆಕ್ಕ ಹಾಕುತ್ತದೆ, ಎರಡೂ ಒಂದೇ ಖಾತೆಯದ್ದಾದರೂ ಅಷ್ಟೆ. ಇನ್ನೊಂದು ಕಂಪನಿಯ ರೈಲಿಗೆ ಬದಲಾಗುವಾಗ ಮೊದಲಿನದರ ಕಂಬಕ್ಕೆ ತಾಗಿಸಿ ಹೊರಬಂದು, ಎರಡನೆಯದರ ಕಂಬಕ್ಕೆ ಮತ್ತೆ ತಾಗಿಸಬೇಕು. ಪ್ಲಾಟ್‌ಫಾರಂ ಸಂಖ್ಯೆಯ ಪಕ್ಕದ ಎ, ಬಿ ಅಕ್ಷರವನ್ನೂ ನೋಡಿ, ಒಂದೇ ಪ್ಲಾಟ್‌ಫಾರಮ್ಮಿನ ಎರಡು ತುದಿಯಲ್ಲಿ ಎರಡು ರೈಲು ನಿಂತಿರುತ್ತವೆ. ವಾರಾಂತ್ಯದಲ್ಲಿ ಹಳಿ ದುರಸ್ತಿ ಸಾಮಾನ್ಯ, ಹಿಂದಿನ ರಾತ್ರಿ ರೈಲಿನ ಆ್ಯಪ್ ನೋಡಿಕೊಂಡೇ ಮಲಗಿ.

ಗಾಳಿಯಂತ್ರಕ್ಕೆ ಒಂದೇ ದಿನವಿದ್ದರೆ ಕಿಂಡರ್‌ಡೈಕ್‌ಗೇ ಹೋಗಿ. ಝಾನ್ಸೆ ಸ್ಖಾನ್ಸ್ ಆಮ್ಸ್ಟರ್‌ಡ್ಯಾಮಿಗೆ ಹತ್ತಿರ ನಿಜ, ಆದರೆ ಅಲ್ಲಿ ಜನಜಂಗುಳಿ, ಅಂಗಡಿಗಳು. ಕಿಂಡರ್‌ಡೈಕಿನ 19 ಯಂತ್ರಗಳಲ್ಲಿ ಹೆಚ್ಚಿನವು 1740ರ ಆಸುಪಾಸಿನಲ್ಲಿ ತಗ್ಗು ನೆಲದ ನೀರನ್ನು ಎತ್ತಿ ಹೊರಹಾಕಲು ಕಟ್ಟಿದವು, ಎಲ್ಲವೂ 1997ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ರಾಟರ್‌ಡ್ಯಾಮಿನಿಂದ ವಾಟರ್‌ಬಸ್ಸಿನಲ್ಲಿ ಹೋಗುವುದೇ ಚೆಂದ. ಕೊಡೆ ಬೇಡ, ಆ ಗಾಳಿಗೆ ತಿರುಗಿಕೊಳ್ಳುತ್ತದೆ. ಟೋಪಿ ಇರುವ ಮಳೆ ಜಾಕೆಟ್ ಸಾಕು.

ಸೈಕಲ್ ಹತ್ತುವವರು ಎರಡು ವಿಷಯ ಕಲಿತುಕೊಳ್ಳಲಿ. ಅನೇಕ ಬಾಡಿಗೆ ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ಒತ್ತಿದರೆ ಬ್ರೇಕ್, ಕೈಬ್ರೇಕ್ ಹುಡುಕುತ್ತಾ ಕೂತರೆ ಗುದ್ದಿದಂತೆಯೇ. ಇನ್ನು ರಸ್ತೆ ಮೇಲೆ ಬಿಳಿ ತ್ರಿಕೋನಗಳ ಸಾಲು ಇರುತ್ತದೆ, ಡಚ್ಚರು ಶಾರ್ಕಿನ ಹಲ್ಲು ಅನ್ನುತ್ತಾರೆ. ಅದರ ಚೂಪು ನಿಮ್ಮ ಕಡೆ ಇದ್ದರೆ ದಾರಿ ಬಿಡಬೇಕಾದವರು ನೀವು. ಟ್ರಾಮ್ ಹಳಿಯನ್ನು ಅಡ್ಡಲಾಗಿ ದಾಟಿ, ಹಳಿಯುದ್ದಕ್ಕೆ ಹೋದರೆ ಚಕ್ರ ಸಿಕ್ಕಿಕೊಳ್ಳುತ್ತದೆ.

ಕೊನೆಗೆ ಗೆಳೆಯರ ಮನೆಯ ಮೆಟ್ಟಿಲು. ಹಳೆಯ ಡಚ್ ಮನೆಗಳ ಮೆಟ್ಟಿಲು ಏಣಿಯಷ್ಟೇ ಕಡಿದು, ಪಾದದ ಅರ್ಧಕ್ಕಷ್ಟೇ ಜಾಗ. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಮಲಗುವ ಕೋಣೆ ಎಷ್ಟನೇ ಮಹಡಿ, ಶೌಚಾಲಯ ಎಲ್ಲಿ ಎಂದು ಮುಂಚೆಯೇ ಕೇಳಿ. 23 ಕಿಲೋ ಪೆಟ್ಟಿಗೆಯನ್ನು ಅದರ ಮೇಲೆ ಒಬ್ಬರೇ ಹೊರುವುದು ಆಗದ ಕೆಲಸ, ಮೂರು ನಾಲ್ಕು ದಿನದ ಬಟ್ಟೆಯನ್ನು ಬೇರೆ ಚೀಲದಲ್ಲಿ ಹಾಕಿಟ್ಟು ಪೆಟ್ಟಿಗೆಯನ್ನು ಕೆಳಗೇ ಬಿಡಿ.